ಮುಷ್ಟಿ ಹಿಡಿತದ ವ್ಯಾಯಾಮದಿಂದ ಬಿಪಿ ಇಳಿಯುತ್ತಾ? ಗಂಡಸರೂ ಹೆಂಗಸರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಒಂದು ಗ್ರಿಪ್ಪರ್, ಅಂದರೆ ಮುಷ್ಟಿಯಲ್ಲಿ ಒತ್ತುವ ಸಾಧನ, ಹಿಡಿದುಕೊಂಡು ಎರಡು ನಿಮಿಷ ಸುಮ್ನೆ ಕೂತರೆ ಬಿಪಿ ಇಳಿಯುತ್ತದೆ ಅಂದರೆ ಮೊದಲ ಸಲ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಬೆವರಿಲ್ಲ, ಏದುಸಿರಿಲ್ಲ, ಇದೆಂಥ ವ್ಯಾಯಾಮ ಅನ್ನಿಸಿತ್ತು. ಆಮೇಲೆ ಓದುತ್ತಾ ಹೋದಂತೆ ವಿಷಯ ಗಟ್ಟಿಯಾಗಿಯೇ ಇದೆ ಅಂತ ಗೊತ್ತಾಯಿತು. ಆದರೆ ಇದನ್ನು ಮಾಡುವ ಬಹುಪಾಲು ಜನ ತಪ್ಪಾಗಿ ಮಾಡುತ್ತಾರೆ ಅಂತಲೂ ಗೊತ್ತಾಯಿತು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಒಂದೇ ಮಾತು ಅಲ್ಲಲ್ಲಿ ತಿರುಗಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಹಿಡಿತದ ವ್ಯಾಯಾಮ ಅಂದರೆ ಗ್ರಿಪ್ಪರನ್ನು ಪಟಪಟ ಅಂತ ಒತ್ತಿ ಬಿಡುವುದಾ?

ಅಲ್ಲ. ಮೊದಲ ತಪ್ಪು ಇಲ್ಲೇ ಆಗುವುದು. ಒತ್ತಿ ಬಿಡುವುದು ಮುಂಗೈಯ ಸ್ನಾಯು ಬೆಳೆಸುವುದಕ್ಕೆ ಸರಿ. ಬಿಪಿಗಾಗಿ ಮಾಡುವುದು ಬೇರೆ: ಹಗುರವಾಗಿ ಹಿಡಿಯಬೇಕು, ಹಿಡಿದದ್ದನ್ನು ಅಲುಗಾಡಿಸದೆ ಎರಡು ನಿಮಿಷ ಹಾಗೇ ಇಟ್ಟುಕೊಳ್ಳಬೇಕು. ಸ್ನಾಯು ಬಿಗಿಯಾಗಿರುತ್ತದೆ, ಆದರೆ ಬೆರಳು ಚಲಿಸುವುದಿಲ್ಲ. ಇಂಥ ವ್ಯಾಯಾಮಕ್ಕೆ ಐಸೋಮೆಟ್ರಿಕ್ ಅನ್ನುತ್ತಾರೆ. ಗೋಡೆಯನ್ನು ತಳ್ಳುತ್ತಾ ನಿಂತರೂ ಅದೇ ಜಾತಿಯ ಕೆಲಸ. ಗೋಡೆ ಸರಿಯುವುದಿಲ್ಲ, ಕೈ ಮಾತ್ರ ದಣಿಯುತ್ತದೆ.

ನಿಜವಾಗಿಯೂ ಬಿಪಿ ಇಳಿಯುತ್ತಾ? ಎಷ್ಟು?

ಇಳಿಯುತ್ತದೆ, ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಅಲ್ಲ. ಇಲ್ಲಿ 'ಪಾಯಿಂಟ್' ಅಂದಾಗಲೆಲ್ಲ ಬಿಪಿ ಮಷಿನ್ ತೋರಿಸುವ ಅಂಕಿ ಅಂತ ಓದಿಕೊಳ್ಳಿ, ಅಂದರೆ ಪಾದರಸದ ಮಿಲಿಮೀಟರ್.

ಅಮೆರಿಕದ ಹೃದಯ ತಜ್ಞರ ಸಂಘಗಳು 2017ರಲ್ಲಿ ಹೊರತಂದ ಬಿಪಿ ಮಾರ್ಗಸೂಚಿ ಇದನ್ನು ಔಷಧವಲ್ಲದ ಉಪಾಯಗಳ ಪಟ್ಟಿಯಲ್ಲಿ ಸೇರಿಸಿತ್ತು. ಅದರ ಅಂದಾಜು: ಬಿಪಿ ಜಾಸ್ತಿ ಇರುವವರಲ್ಲಿ ಮೇಲಿನ ಅಂಕಿ ಸುಮಾರು 5 ಪಾಯಿಂಟ್, ಬಿಪಿ ಸರಿಯಾಗಿರುವವರಲ್ಲಿ ಸುಮಾರು 4 ಪಾಯಿಂಟ್ ಇಳಿಯುತ್ತದೆ.

2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಇನ್ನೂ ದೊಡ್ಡ ಲೆಕ್ಕಾಚಾರ ಬಂತು. 270 ಪ್ರಯೋಗಗಳು, 15,827 ಜನ. ಎಲ್ಲ ಬಗೆಯ ವ್ಯಾಯಾಮಗಳನ್ನೂ ಅದರಲ್ಲಿ ಒಟ್ಟಿಗೆ ತೂಗಿ ನೋಡಿದ್ದರು. ಐಸೋಮೆಟ್ರಿಕ್ ವ್ಯಾಯಾಮದಿಂದ ಮೇಲಿನ ಅಂಕಿ ಸರಾಸರಿ 8.24, ಕೆಳಗಿನ ಅಂಕಿ 4 ಪಾಯಿಂಟ್ ಇಳಿದಿತ್ತು. ನಡಿಗೆ, ಓಟ, ಸೈಕಲ್ಲಿನಂಥ ಏರೋಬಿಕ್ ವ್ಯಾಯಾಮದಿಂದ ಇಳಿದದ್ದು 4.49 ಮತ್ತು 2.53. ಮೇಲ್ನೋಟಕ್ಕೆ ಐಸೋಮೆಟ್ರಿಕ್ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ? ಒಂದು ನಿಮಿಷ ತಡೆಯಿರಿ. ಆ ಲೆಕ್ಕದಲ್ಲಿ ಮುಷ್ಟಿ ಹಿಡಿತ ಒಂದೇ ಇರಲಿಲ್ಲ. ಕಾಲು ಚಾಚಿ ಹಿಡಿಯುವುದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲುವ ವಾಲ್ ಸ್ಕ್ವಾಟ್ ಕೂಡ ಸೇರಿದ್ದವು. ಮೇಲಿನ ಅಂಕಿ ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ ಬಂದದ್ದು ವಾಲ್ ಸ್ಕ್ವಾಟ್. ಹಾಗಾಗಿ ಆ 8 ಪಾಯಿಂಟನ್ನು ಪೂರ್ತಿ ಮುಷ್ಟಿಯ ಖಾತೆಗೆ ಬರೆದುಕೊಳ್ಳುವುದು ಸರಿಯಲ್ಲ. ಕೈ ಹಿಡಿತದಿಂದ ಸುಮಾರು 5 ಅಂತ ಇಟ್ಟುಕೊಂಡರೆ ನಿರಾಸೆ ಆಗುವುದಿಲ್ಲ.

ಐದು ಪಾಯಿಂಟ್ ಅಷ್ಟೇನಾ? ಅದರಿಂದ ಏನು ಉಪಯೋಗ?

ಕೇಳುವುದಕ್ಕೆ ಸಣ್ಣದು, ಆದರೆ ಹಾಗೆ ತಳ್ಳಿಹಾಕುವಂಥದ್ದಲ್ಲ. ಬಿಪಿ ಮಾತ್ರೆಗಳ 48 ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೇಲಿನ ಅಂಕಿ 5 ಪಾಯಿಂಟ್ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಸುಮಾರು ಶೇ 10ರಷ್ಟು ಕಡಿಮೆಯಾಗುತ್ತವೆ ಅಂತ ಅದರಲ್ಲಿ ಕಂಡಿತು. ಅದು ಮಾತ್ರೆಯಿಂದ ಇಳಿದ ಬಿಪಿ ಅನ್ನುವುದು ನೆನಪಿರಲಿ. ಮುಷ್ಟಿ ಹಿಡಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಎಷ್ಟು ಹೃದಯಾಘಾತ ತಪ್ಪಿತು ಅಂತ ಎಣಿಸಿದ ಲೆಕ್ಕ ಅಲ್ಲ.

ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬಿಪಿ ಏರುತ್ತದಲ್ವಾ? ಮತ್ತೆ ಇಳಿಯುವುದು ಹೇಗೆ?

ಒಳ್ಳೆಯ ಪ್ರಶ್ನೆ. ಹೌದು, ಹಿಡಿದಿರುವಷ್ಟು ಹೊತ್ತು ಬಿಪಿ ಏರುತ್ತದೆ. ಗಂಡಸಿಗೂ ಏರುತ್ತದೆ, ಹೆಂಗಸಿಗೂ ಏರುತ್ತದೆ. ಎರಡನೇ ನಿಮಿಷ ಮುಗಿಯುವ ಹೊತ್ತಿಗೆ ಅತಿ ಹೆಚ್ಚು ಇರುತ್ತದೆ.

ಬಿಗಿಯಾದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಂಡುತ್ತದೆ. ಅಲ್ಲಿಗೆ ರಕ್ತ ಸಾಲದಾಗುತ್ತದೆ, ಕಶ್ಮಲ ಸೇರಿಕೊಳ್ಳುತ್ತದೆ. ಸ್ನಾಯುವಿನಲ್ಲಿರುವ ನರಗಳು ಮಿದುಳಿಗೆ ದೂರು ಕೊಡುತ್ತವೆ. ಮಿದುಳು ಹೃದಯಕ್ಕೆ ಜೋರಾಗಿ ಬಡಿ ಅನ್ನುತ್ತದೆ, ಬೇರೆ ಕಡೆಯ ರಕ್ತನಾಳಗಳನ್ನು ಸ್ವಲ್ಪ ಬಿಗಿ ಮಾಡುತ್ತದೆ. ಬಿಪಿ ಏರುತ್ತದೆ. ಇದನ್ನು 1937ರಲ್ಲೇ ಆಲಂ ಮತ್ತು ಸ್ಮರ್ಕ್ ಎಂಬಿಬ್ಬರು ಚೆಂದವಾಗಿ ತೋರಿಸಿಕೊಟ್ಟಿದ್ದರು. ವ್ಯಾಯಾಮ ನಿಂತ ಮೇಲೂ ಆ ಸ್ನಾಯುವಿನ ರಕ್ತ ಹೊರಗೆ ಹೋಗದ ಹಾಗೆ ಪಟ್ಟಿ ಕಟ್ಟಿ ತಡೆದರೆ, ಏರಿದ ಬಿಪಿ ಪೂರ್ತಿ ಇಳಿಯುವುದಿಲ್ಲ. ಪಟ್ಟಿ ಬಿಚ್ಚಿದ ಮೇಲೆಯೇ ಇಳಿಯುವುದು. ಅಂದರೆ ದೂರು ಹೋಗುತ್ತಿರುವುದು ಸ್ನಾಯುವಿನಿಂದಲೇ.

ಈಗ ಹಿಡಿತ ಬಿಡಿ. ಬಿಟ್ಟ ಕೂಡಲೇ ಕಟ್ಟೆ ಒಡೆದ ಹಾಗೆ ರಕ್ತ ಆ ಸ್ನಾಯುವಿಗೆ ನುಗ್ಗುತ್ತದೆ. ರಕ್ತ ರಭಸವಾಗಿ ಹರಿದಾಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ, ಅದು ನಾಳವನ್ನು ಸಡಿಲಿಸುತ್ತದೆ. ಹಿಡಿ, ಬಿಡು, ಹಿಡಿ, ಬಿಡು ಅಂತ ವಾರಗಟ್ಟಲೆ ನಡೆದರೆ ನಾಳಗಳು ಸಡಿಲವಾಗುವುದನ್ನು ಕಲಿಯುತ್ತವೆ. ಸದಾ ಎಚ್ಚರದಲ್ಲಿರುವ ನರಮಂಡಲವೂ ಸ್ವಲ್ಪ ಶಾಂತವಾಗುತ್ತದೆ. ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಅನ್ನುವುದರ ಬಗ್ಗೆ ತಜ್ಞರಲ್ಲೇ ಇನ್ನೂ ಚರ್ಚೆ ನಡೆಯುತ್ತಿದೆ.

ಇದನ್ನು ಮೊದಲು ಯಾರು ಕಂಡುಹಿಡಿದರು?

ಕಥೆ ಶುರುವಾಗುವುದು ಯುದ್ಧವಿಮಾನದಿಂದ. ಎಫ್-16 ವಿಮಾನ ಗಾಳಿಯಲ್ಲಿ ಚಕ್ಕನೆ ತಿರುಗುವಾಗ ಪೈಲಟ್‌ನ ರಕ್ತವೆಲ್ಲ ಕಾಲಿನ ಕಡೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಅದನ್ನು ತಡೆಯಲು ಸ್ನಾಯು ಬಿಗಿಹಿಡಿಯುವ ಅಭ್ಯಾಸದ ಮೇಲೆ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡಿದವರು ರೊನಾಲ್ಡ್ ವೈಲಿ ಎಂಬ ಸಂಶೋಧಕರು. ಬಿಪಿ ಏರಿಸಿ ಪ್ರಜ್ಞೆ ಉಳಿಸಬೇಕು ಅನ್ನುವುದು ಅಲ್ಲಿನ ಉದ್ದೇಶ. ಆದರೆ ದಿನಾ ಅಭ್ಯಾಸ ಮಾಡಿದರೆ ವಿಶ್ರಾಂತಿಯಲ್ಲಿನ ಬಿಪಿ ಇಳಿಯುವುದು ಕಂಡಿತು. ಏರಿಸಲು ಹೊರಟವರಿಗೆ ಇಳಿಸುವ ದಾರಿ ಸಿಕ್ಕಿತು!

1992ರಲ್ಲಿ ವೈಲಿ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ತಮ್ಮ ಗರಿಷ್ಠ ಬಲದ ಶೇ 30ರಷ್ಟರಲ್ಲಿ, ಎರಡೆರಡು ನಿಮಿಷದ ನಾಲ್ಕು ಹಿಡಿತ, ವಾರಕ್ಕೆ ಮೂರು ದಿನ, ಎಂಟು ವಾರ. ಮೇಲಿನ ಅಂಕಿ ಸುಮಾರು 13, ಕೆಳಗಿನದು ಸುಮಾರು 15 ಪಾಯಿಂಟ್ ಇಳಿದಿತ್ತು. ಕೆಲವೇ ಜನರ ಮೇಲಿನ ಪ್ರಯೋಗ ಅದು. ಆಮೇಲಿನ ದೊಡ್ಡ ಲೆಕ್ಕಗಳಲ್ಲಿ ಇಷ್ಟು ದೊಡ್ಡ ಇಳಿಕೆ ಕಾಣಲಿಲ್ಲ. ಆದರೆ ಆ ಅಭ್ಯಾಸದ ಕ್ರಮ ಮಾತ್ರ ಹೆಚ್ಚು ಬದಲಾಗದೆ ಇವತ್ತಿಗೂ ಉಳಿದಿದೆ.

ಗಂಡಸರಿಗೆ ಬಲ ಜಾಸ್ತಿ. ಹಾಗಾದರೆ ಅವರಿಗೆ ಲಾಭವೂ ಜಾಸ್ತಿಯಾ?

ಇಲ್ಲ. ಯಾಕೆ ಇಲ್ಲ ಅನ್ನುವುದರಲ್ಲೇ ಈ ವ್ಯಾಯಾಮದ ಗುಟ್ಟು ಇದೆ.

ಸರಾಸರಿ ಹೆಂಗಸಿನ ಮುಷ್ಟಿಯ ಬಲ ಸರಾಸರಿ ಗಂಡಸಿನದರ ಸುಮಾರು ಶೇ 60. ಇಬ್ಬರ ಕೈಗೂ ಒಂದೇ ಗ್ರಿಪ್ಪರ್ ಕೊಟ್ಟು 'ಹಿಡಿಯಿರಿ' ಅಂದರೆ ಅದು ಅವನಿಗೆ ಹಗುರ, ಅವಳಿಗೆ ಭಾರ. ಹೋಲಿಕೆಯೇ ತಪ್ಪಾಗುತ್ತದೆ. ಆದರೆ ಇಲ್ಲಿ ಲೆಕ್ಕ ಕಿಲೋದಲ್ಲಿ ಅಲ್ಲ, ಅವರವರ ಬಲದ ಶೇಕಡಾವಾರಿನಲ್ಲಿ. 46 ಕಿಲೋ ಒತ್ತಬಲ್ಲ ಗಂಡಸು ಅದರ ಶೇ 30, ಅಂದರೆ ಸುಮಾರು 14 ಕಿಲೋ ಹಿಡಿಯಬೇಕು. 28 ಕಿಲೋ ಒತ್ತಬಲ್ಲ ಹೆಂಗಸು ಸುಮಾರು ಎಂಟೂವರೆ ಕಿಲೋ. ಕಿಲೋ ಬೇರೆ, ಸ್ನಾಯುವಿಗೆ ಬೀಳುವ ಶ್ರಮ ಒಂದೇ.

ಹಾಗೆ ಅಳೆದು ಮಾಡಿಸಿದಾಗ ಏನಾಯಿತು? 2016ರಲ್ಲಿ ಬಾಡ್ರೋವ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಗಂಡಸರು, ಹೆಂಗಸರು ಇಬ್ಬರಿಗೂ ಇದೇ ಅಭ್ಯಾಸ ಮಾಡಿಸಿ ಹೋಲಿಸಿದರು. ಬಿಪಿ ಇಬ್ಬರಲ್ಲೂ ಸಮವಾಗಿ ಇಳಿಯಿತು. ತೋಳಿನ ರಕ್ತನಾಳ ಸಡಿಲವಾಗುವ ಗುಣವೂ ಇಬ್ಬರಲ್ಲೂ ಸಮವಾಗಿ ಸುಧಾರಿಸಿತು.

ಹಾಗಾದರೆ ಗಂಡು ಹೆಣ್ಣಿನ ನಡುವೆ ಏನೂ ವ್ಯತ್ಯಾಸವೇ ಇಲ್ವಾ?

ಕೊನೆಯ ಫಲದಲ್ಲಿ ಹೆಚ್ಚೇನೂ ಇಲ್ಲ. ಹಿಡಿದಿರುವ ಆ ಎರಡು ನಿಮಿಷದಲ್ಲಿ ಇದೆ.

ಒಂದೇ ಶೇಕಡಾವಾರಿನಲ್ಲಿ ಹಿಡಿಸಿದರೆ ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಾರೆ. ಹೌದು, ಸರಿಯಾಗಿಯೇ ಓದಿದಿರಿ. ದೊಡ್ಡ ಸ್ನಾಯು ಹೆಚ್ಚು ಬಲದಿಂದ ಹಿಂಡುತ್ತದೆ, ಅದರೊಳಗಿನ ರಕ್ತದ ಓಡಾಟ ಬೇಗ ಕಟ್ಟುತ್ತದೆ, ಅದು ಬೇಗ ಸೋಲುತ್ತದೆ. ಹೆಂಗಸರ ಸ್ನಾಯುವಿನಲ್ಲಿ ನಿಧಾನವಾಗಿ ದಣಿಯುವ ಎಳೆಗಳ ಪಾಲೂ ಸಾಮಾನ್ಯವಾಗಿ ಜಾಸ್ತಿ. ಒಟ್ಟಿಗೆ ಅಭ್ಯಾಸಕ್ಕೆ ಕೂತ ಗಂಡ ಹೆಂಡತಿಯಲ್ಲಿ ಗಂಡನ ಕೈ ಮೊದಲು ನಡುಗಿದರೆ ಆಶ್ಚರ್ಯಪಡಬೇಡಿ, ನಗಲೂ ಬೇಡಿ.

ಎರಡನೆಯದು, ಹರೆಯದ ಹೆಂಗಸರಲ್ಲಿ ಹಿಡಿದಿರುವಾಗ ಬಿಪಿ ಏರುವ ಪ್ರಮಾಣ ಅದೇ ವಯಸ್ಸಿನ ಗಂಡಸರಿಗಿಂತ ಸಾಮಾನ್ಯವಾಗಿ ಕಡಿಮೆ. ಈಸ್ಟ್ರೋಜನ್ ಹಾರ್ಮೋನು ರಕ್ತನಾಳಗಳನ್ನು ಮೆದುವಾಗಿ ಇಡುವುದು ಇದಕ್ಕೆ ಒಂದು ಕಾರಣ.

ಮುಟ್ಟು ನಿಂತ ಮೇಲೆ?

ಈ ರಕ್ಷಣೆ ಕರಗುತ್ತಾ ಹೋಗುತ್ತದೆ. ನಡುವಯಸ್ಸಿನವರೆಗೆ ಬಿಪಿ ಸರಾಸರಿಯಲ್ಲಿ ಗಂಡಸರಿಗೇ ಜಾಸ್ತಿ. ಮುಟ್ಟು ನಿಂತ ಮೇಲೆ ಹೆಂಗಸರ ಬಿಪಿ ಚುರುಕಾಗಿ ಏರಿ, ವಯಸ್ಸಾದಂತೆ ಗಂಡಸರನ್ನು ಹಿಂದೆ ಹಾಕುತ್ತದೆ. 'ನನಗೆ ಯಾವತ್ತೂ ಲೋ ಬಿಪಿ' ಅಂತ ಮೂವತ್ತು ವರ್ಷ ಹೇಳಿಕೊಂಡು ಬಂದವರು ಐವತ್ತೈದಕ್ಕೆ ಮಷಿನ್ ನೋಡಿ ಗಾಬರಿಯಾಗುವುದು ಇದಕ್ಕೇ. ಅಭ್ಯಾಸ ಶುರು ಮಾಡಲು ಇದು ಒಳ್ಳೆಯ ಕಾಲ. ಆದರೆ ಮೊದಲು ಬಿಪಿ ಅಳೆಸಿ. ಇಪ್ಪತ್ತು ವರ್ಷ ಹಿಂದಿನ ಅಂಕಿ ನಂಬಿಕೊಂಡು ಕೂರಬೇಡಿ.

ಗರ್ಭಿಣಿಯರು ಮಾಡಬಹುದಾ?

ತಾವಾಗಿ ಶುರು ಮಾಡಬಾರದು. ಗರ್ಭಿಣಿಯರಲ್ಲಿ ಬಿಪಿ ಏರಿದರೆ ಅದು ಬೇರೆಯದೇ ವಿಷಯ, ಡಾಕ್ಟರ್ ಕಣ್ಣಳತೆಯಲ್ಲೇ ಇರಬೇಕು.

ನನ್ನ ಬಲದ ಶೇ 30 ಎಷ್ಟು ಅಂತ ಗೊತ್ತಾಗುವುದು ಹೇಗೆ?

ಸರಿಯಾದ ದಾರಿ ಡೈನಮೋಮೀಟರ್. ಮುಷ್ಟಿಯಲ್ಲಿ ಒತ್ತಿದರೆ ಎಷ್ಟು ಕಿಲೋ ಅಂತ ತೋರಿಸುವ ಉಪಕರಣ ಅದು. ಫಿಸಿಯೋಥೆರಪಿ ಮಾಡುವ ಕಡೆ ಸಾಮಾನ್ಯವಾಗಿ ಇರುತ್ತದೆ. ಕೂತು, ಮೊಣಕೈ ತೊಂಬತ್ತು ಡಿಗ್ರಿ ಮಡಚಿ, ಪೂರ್ತಿ ಬಲ ಹಾಕಿ ಎರಡು ಮೂರು ಸೆಕೆಂಡು ಒತ್ತಿ. ಸ್ವಲ್ಪ ಬಿಡುವು ಕೊಟ್ಟು ಒಟ್ಟು ಮೂರು ಸಲ. ಅದರಲ್ಲಿ ಅತಿ ಹೆಚ್ಚು ಬಂದ ಅಂಕಿಯನ್ನು 0.3ರಿಂದ ಗುಣಿಸಿ. ಎರಡೂ ಕೈ ಬೇರೆ ಬೇರೆ ಅಳೆಯಿರಿ, ಯಾಕೆಂದರೆ ಹೆಚ್ಚು ಬಳಸುವ ಕೈಯಲ್ಲಿ ಸಾಮಾನ್ಯವಾಗಿ ಬಲ ಸ್ವಲ್ಪ ಜಾಸ್ತಿ. ಬಿಪಿ ತುಂಬಾ ಜಾಸ್ತಿ ಇರುವವರು ಈ ಪೂರ್ತಿ ಬಲದ ಪರೀಕ್ಷೆಯನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ.

ಉಪಕರಣ ಇಲ್ಲದಿದ್ದರೆ? ಅಂದಾಜಿನ ದಾರಿ ಇದೆ. ಮೆತ್ತನೆಯ ರಬ್ಬರ್ ಚೆಂಡನ್ನೋ, ಸುತ್ತಿದ ಟವೆಲ್ಲನ್ನೋ ಹಿಡಿಯಿರಿ. ಪೂರ್ತಿ ಬಲ ಹತ್ತು ಅಂದುಕೊಂಡರೆ ಮೂರರಷ್ಟು ಒತ್ತಿ. ಮೊದಲ ಅರ್ಧ ನಿಮಿಷ 'ಇದೇನು ಇಷ್ಟೇನಾ' ಅನ್ನಿಸಬೇಕು. ಒಂದೂವರೆ ನಿಮಿಷಕ್ಕೆ ಮುಂಗೈ ಬಿಸಿಯಾಗಿ, ಭಾರವಾಗಿ, ಗಡಿಯಾರ ನಿಧಾನವಾದ ಹಾಗೆ ಅನ್ನಿಸಬೇಕು. ಎರಡು ನಿಮಿಷ ಮುಟ್ಟಲಾಗದೆ ಕೈ ಬಿಟ್ಟುಹೋದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ. ಮುಗಿದಾಗಲೂ ಏನೂ ಅನ್ನಿಸದಿದ್ದರೆ ಕಡಿಮೆ.

ಸ್ಪ್ರಿಂಗ್ ಗ್ರಿಪ್ಪರ್ ಮೇಲೆ ಬರೆದಿರುವ ಕಿಲೋ ಅಂಕಿಯನ್ನು ಪೂರ್ತಿ ನಂಬಬೇಡಿ. ಅದು ಸ್ಪ್ರಿಂಗನ್ನು ಪೂರ್ತಿ ಮುಚ್ಚಲು ಬೇಕಾದ ಬಲ, ಬಳಸಿ ಬಳಸಿ ಸಡಿಲವೂ ಆಗುತ್ತದೆ. ಹಾಗಂತ ಸ್ಪ್ರಿಂಗ್ ಗ್ರಿಪ್ಪರ್ ಕೆಲಸಕ್ಕೆ ಬಾರದು ಅಂತಲ್ಲ. ದುಬಾರಿ ಯಂತ್ರದ ಬದಲು ಅಗ್ಗದ ಸ್ಪ್ರಿಂಗ್ ಗ್ರಿಪ್ಪರ್ ಕೊಟ್ಟು ಮಾಡಿಸಿದ ಪ್ರಯೋಗವೂ 2008ರಲ್ಲಿ ಬಂದಿದೆ, ಅದರಲ್ಲೂ ಬಿಪಿ ಇಳಿದಿತ್ತು. ನಿಮ್ಮ ಕೈಗೆ ಹಗುರವಾದದ್ದನ್ನು ಆರಿಸಿಕೊಂಡರೆ ಆಯಿತು. ಹೆಂಗಸರಿಗೆ ಇಲ್ಲೊಂದು ಕಷ್ಟ ಇದೆ: ವ್ಯಾಯಾಮದ ಗ್ರಿಪ್ಪರ್‌ಗಳು ಬಹಳಷ್ಟು ಗಟ್ಟಿಯಾಗೇ ಇರುತ್ತವೆ, ಹಿಡಿಯೂ ದೊಡ್ಡದು. ಅಂಥದ್ದಕ್ಕಿಂತ ಮೆತ್ತನೆಯ ಚೆಂಡೇ ವಾಸಿ.

ಒಂದು ದಿನದ ಅಭ್ಯಾಸ ಹೇಗಿರಬೇಕು?

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತುಕೊಳ್ಳಿ, ಪಾದ ನೆಲಕ್ಕೆ ತಾಗಿರಲಿ. ಎರಡು ನಿಮಿಷ ಹಿಡಿಯಿರಿ, ಒಂದು ನಿಮಿಷ ಬಿಡಿ. ಹೀಗೆ ನಾಲ್ಕು ಸಲ. ಒಂದು ಸಲ ಬಲಗೈ, ಒಂದು ಸಲ ಎಡಗೈ. ಒಟ್ಟು ಹನ್ನೊಂದು ನಿಮಿಷ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕೆಲವು ಪ್ರಯೋಗಗಳಲ್ಲಿ ನಡುವಿನ ಬಿಡುವು ನಾಲ್ಕು ನಿಮಿಷದವರೆಗೂ ಇತ್ತು, ಕೈ ದಣಿಯುತ್ತದೆ ಅನ್ನುವವರು ಹಾಗೇ ಮಾಡಬಹುದು.

ಟಿವಿ ನೋಡುತ್ತಾ ಮಾಡಬಹುದು. ಫೋನಿನಲ್ಲಿ ಜಗಳ ಆಡುತ್ತಾ ಬೇಡ.

ಉಸಿರು ಹೇಗಿರಬೇಕು?

ಮಾಮೂಲಿನಂತೆ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಅಪಾಯ ಇರುವುದೇ ಇಲ್ಲಿ. ಕೈ ಬಿಗಿ ಮಾಡಿದಾಗ ನಮಗೆ ಗೊತ್ತಿಲ್ಲದೆಯೇ ಉಸಿರು ಕಟ್ಟುತ್ತೇವೆ. ನಾನು ಮೊದಲ ವಾರ ಪ್ರತಿ ಸಲವೂ ಇದೇ ತಪ್ಪು ಮಾಡುತ್ತಿದ್ದೆ. ಹಲ್ಲು ಕಚ್ಚಿಕೊಂಡು, ಭುಜ ಕಿವಿಯವರೆಗೆ ಏರಿಸಿಕೊಂಡು, ಯಾರೋ ಹೊಡೆಯಲು ಬಂದ ಹಾಗೆ! ಉಸಿರು ಕಟ್ಟಿದರೆ ಎದೆಯೊಳಗಿನ ಒತ್ತಡ ಏರಿ ಬಿಪಿ ಇನ್ನಷ್ಟು ಜಿಗಿಯುತ್ತದೆ. 1985ರಲ್ಲಿ ಭಾರ ಎತ್ತುವವರ ರಕ್ತನಾಳದೊಳಗೇ ಬಿಪಿ ಅಳೆದಾಗ, ಕಾಲಿನಿಂದ ಭಾರಿ ತೂಕ ತಳ್ಳುತ್ತಿದ್ದ ಒಬ್ಬರಲ್ಲಿ ಅದು 480/350 ಮುಟ್ಟಿತ್ತು. ಅದು ದೊಡ್ಡ ಸ್ನಾಯು, ದೊಡ್ಡ ಭಾರ, ಜೊತೆಗೆ ಕಟ್ಟಿದ ಉಸಿರು. ನಮ್ಮ ಹಗುರ ಮುಷ್ಟಿ ಅಲ್ಲಿಗೆಲ್ಲ ಹೋಗುವುದಿಲ್ಲ. ಆದರೂ ಸುಲಭದ ಪರೀಕ್ಷೆ ಒಂದಿದೆ: ಹಿಡಿದಿರುವಾಗ ಒಂದರಿಂದ ಮೂವತ್ತರವರೆಗೆ ಬಾಯಿಬಿಟ್ಟು ಎಣಿಸಿ. ಮಾತಾಡುತ್ತಿದ್ದರೆ ಉಸಿರು ಕಟ್ಟಲು ಆಗುವುದಿಲ್ಲ.

ಒಂದೇ ಕೈಯಲ್ಲಿ ಮಾಡಿದರೆ ಸಾಕಾ?

ಸಾಕು. ಒಂದೇ ಕೈಯಲ್ಲಿ ಮಾಡಿಸಿದ ಪ್ರಯೋಗಗಳಲ್ಲೂ ಬಿಪಿ ಇಳಿದಿದೆ. ಒಂದು ಕೈಗೆ ಗಾಯವೋ ನೋವೋ ಇದ್ದವರು ಇನ್ನೊಂದರಲ್ಲಿ ಮಾಡಬಹುದು.

ಇನ್ನೂ ಬಿಗಿಯಾಗಿ ಹಿಡಿದರೆ ಬೇಗ ಇಳಿಯುತ್ತಾ?

ಈ ಪ್ರಶ್ನೆ ಹೆಚ್ಚಾಗಿ ಗಂಡಸರದೇ, ಅದರಲ್ಲೂ ಜಿಮ್‌ಗೆ ಹೋಗುವವರದು. ವೈಲಿಯವರ ಎರಡನೇ ಪ್ರಯೋಗದಲ್ಲಿ ಶೇ 50ರಷ್ಟು ಬಲ ಹಾಕಿಸಿದ್ದರು. ಆದರೆ ಹಿಡಿತ ಬರೀ 45 ಸೆಕೆಂಡು, ವಾರಕ್ಕೆ ಐದು ದಿನ. ಆಗಲೂ ಬಿಪಿ ಇಳಿದಿತ್ತು. ಅಂದರೆ ಬಲ ಏರಿಸಿದರೆ ಹೊತ್ತು ಇಳಿಸಬೇಕು. ಎರಡನ್ನೂ ಏರಿಸಿದರೆ ಸಿಗುವುದು ಕೈನೋವು ಮತ್ತು ಹಿಡಿದಿರುವಾಗ ಅನಗತ್ಯವಾಗಿ ಏರುವ ಬಿಪಿ. ಶೇ 30ಕ್ಕೆ ಅಂಟಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಮೆರಿಕದ 2017ರ ಮಾರ್ಗಸೂಚಿಯೂ ಶೇ 30ರಿಂದ 40 ಅಂದಿತ್ತು.

ಮುಷ್ಟಿ ಗಟ್ಟಿ ಇರುವವರಿಗೆ ಹೃದಯದ ತೊಂದರೆ ಕಡಿಮೆ ಅಂತ ಓದಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇವೆರಡನ್ನೂ ಬಹಳ ಜನ ಕಲಸಿಬಿಡುತ್ತಾರೆ. ನೀವು ಓದಿದ್ದು ಬಹುಶಃ ಪ್ಯೂರ್ ಎಂಬ ದೊಡ್ಡ ಅಧ್ಯಯನದ ಬಗ್ಗೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿ ಬಲ ಅಳೆದು ಹಿಂಬಾಲಿಸಿದ್ದರು, 2015ರಲ್ಲಿ ಪ್ರಕಟವಾಯಿತು. ಮುಷ್ಟಿ ಬಲ ಪ್ರತಿ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ 16ರಷ್ಟು ಜಾಸ್ತಿ ಇತ್ತು. ಸಾವಿನ ಅಪಾಯ ಹೇಳುವುದರಲ್ಲಿ ಬಿಪಿಯ ಮೇಲಿನ ಅಂಕಿಗಿಂತ ಮುಷ್ಟಿಯೇ ಮುಂದಿತ್ತು.

ಆದರೆ ಅಲ್ಲಿ ಮುಷ್ಟಿ ಒಂದು ಕನ್ನಡಿ ಅಷ್ಟೇ. ಚೆನ್ನಾಗಿ ಉಂಡು, ಓಡಾಡಿ, ಕಾಯಿಲೆಯಿಲ್ಲದೆ ಇರುವವರ ಮುಷ್ಟಿ ಗಟ್ಟಿ ಇರುತ್ತದೆ. ಕನ್ನಡಿ ಒರೆಸಿದರೆ ಮುಖದ ಕಲೆ ಹೋಗುತ್ತದಾ? ಮುಷ್ಟಿಯೊಂದನ್ನೇ ಗಟ್ಟಿ ಮಾಡಿಕೊಂಡರೆ ಆಯುಸ್ಸು ಹೆಚ್ಚುತ್ತದೆ ಅಂತ ಆ ಅಧ್ಯಯನ ಹೇಳುವುದಿಲ್ಲ.

ತಮಾಷೆ ಅಂದರೆ, ಬಿಪಿಗಾಗಿ ಮಾಡುವ ಹಗುರ ಹಿಡಿತದಿಂದ ಮುಷ್ಟಿಯ ಬಲ ಅಷ್ಟೇನೂ ಏರುವುದಿಲ್ಲ. ಬಲ ಏರದೆಯೇ ಬಿಪಿ ಇಳಿಯುತ್ತದೆ. ಕೆಲಸ ಮಾಡುವುದು ಬಲವಲ್ಲ, ಹಿಡಿದು ಬಿಡುವ ಕ್ರಮ.

ಎಷ್ಟು ದಿನಕ್ಕೆ ಫಲ ಕಾಣುತ್ತದೆ? ನಿಲ್ಲಿಸಿದರೆ?

ಎಂಟರಿಂದ ಹತ್ತು ವಾರ ಬೇಕು. ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಗ್ರಿಪ್ಪರನ್ನು ಮೂಲೆಗೆ ಎಸೆಯಬೇಡಿ. ಶುರುವಿನಲ್ಲಿ ಬಿಪಿ ಎಷ್ಟು ಜಾಸ್ತಿಯೋ ಇಳಿಕೆಯೂ ಸಾಮಾನ್ಯವಾಗಿ ಅಷ್ಟು ಜಾಸ್ತಿ. 2003ರ ಒಂದು ಪ್ರಯೋಗದಲ್ಲಿ ಬಿಪಿ ಇದ್ದ ವಯಸ್ಸಾದವರ ಮೇಲಿನ ಅಂಕಿ ಹತ್ತು ವಾರದಲ್ಲಿ 156ರಿಂದ 137ಕ್ಕೆ ಬಂದಿತ್ತು. ಅದು ಸಣ್ಣ ಗುಂಪು, ನಿಮಗೂ ಅಷ್ಟೇ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ.

ನಿಲ್ಲಿಸಿದರೆ ಫಲ ಉಳಿಯುವುದಿಲ್ಲ. ವೈಲಿಯವರ ಪ್ರಯೋಗದಲ್ಲಿ ನಿಲ್ಲಿಸಿದ ಐದು ವಾರಕ್ಕೆ ಬಿಪಿ ಮೊದಲಿನ ಜಾಗಕ್ಕೇ ಮರಳಿತ್ತು. ಹಲ್ಲುಜ್ಜುವ ಹಾಗೆ ಇದು, ಕಳೆದ ತಿಂಗಳು ಉಜ್ಜಿದ್ದು ಈ ತಿಂಗಳಿಗೆ ಬರುವುದಿಲ್ಲ.

ಎಲ್ಲ ಪ್ರಯೋಗಗಳಲ್ಲೂ ಬಿಪಿ ಇಳಿದಿದೆಯಾ?

ಇಲ್ಲ. ಇದನ್ನು ಹೇಳದೆ ಬರೀ ಗೆದ್ದ ಕಥೆ ಹೇಳಿದರೆ ಮೋಸ ಆಗುತ್ತದೆ. 2017ರಲ್ಲಿ ಬಿಪಿ ಇದ್ದ 75 ಜನರನ್ನು ಮೂರು ಗುಂಪು ಮಾಡಿ ಹನ್ನೆರಡು ವಾರ ನೋಡಿದರು. ಒಂದು ಗುಂಪಿಗೆ ಏರೋಬಿಕ್ ವ್ಯಾಯಾಮ, ಒಂದಕ್ಕೆ ಶೇ 30ರ ಮುಷ್ಟಿ ಹಿಡಿತ, ಇನ್ನೊಂದಕ್ಕೆ ಬರೀ ಶೇ 5ರ ನೆಪದ ಹಿಡಿತ. ತೋಳಿಗೆ ಮಷಿನ್ ಕಟ್ಟಿ ಹಗಲು ರಾತ್ರಿ 24 ಗಂಟೆ ಬಿಪಿ ಅಳೆದರು. ಏರೋಬಿಕ್ ಗುಂಪಿನಲ್ಲಿ ಇಳಿಯಿತು, ಮುಷ್ಟಿ ಹಿಡಿದವರಲ್ಲಿ ಇಳಿಯಲಿಲ್ಲ. ಕೂತು ಅಳೆದಾಗ ಕಾಣುವ ಇಳಿಕೆ ಇಡೀ ದಿನದ ಅಳತೆಯಲ್ಲಿ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ವಾಕಿಂಗ್ ಬಿಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಂದರೆ ವಾಕಿಂಗ್ ಬದಲು ಇದನ್ನು ಮಾಡುವ ಹಾಗಿಲ್ಲ?

ಬದಲು ಅಲ್ಲ, ಜೊತೆಗೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಅನ್ನುತ್ತದೆ. ನಡಿಗೆಯಿಂದ ಸಕ್ಕರೆ, ತೂಕ, ಶ್ವಾಸ, ನಿದ್ದೆ ಎಲ್ಲಕ್ಕೂ ಲಾಭ. ಮುಷ್ಟಿ ಹಿಡಿತ ಅಷ್ಟೆಲ್ಲ ಮಾಡುವುದಿಲ್ಲ. ಆದರೆ ಮಂಡಿನೋವಿನಿಂದ ನಡೆಯಲಾಗದವರಿಗೆ, ಕುರ್ಚಿ ಬಿಟ್ಟು ಏಳಲಾಗದವರಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಮಂಡಿ ಗಟ್ಟಿ ಇರುವವರು ವಾಲ್ ಸ್ಕ್ವಾಟ್ ಪ್ರಯತ್ನಿಸಬಹುದು. ಅದೂ ಎರಡೆರಡು ನಿಮಿಷ, ನಾಲ್ಕು ಸಲ. ಹೇಳಲು ಸುಲಭ, ಮೊದಲ ದಿನ ಎರಡು ನಿಮಿಷ ನಿಂತವರಿಗೆ ನನ್ನ ನಮಸ್ಕಾರ.

ಬಿಪಿ ಮಾತ್ರೆ ಬಿಡಬಹುದಾ?

ಬಿಡಬೇಡಿ. ಮಾತ್ರೆಯ ಜೊತೆಗೇ ಅಭ್ಯಾಸ ಮಾಡಿ, ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ. ಅಂಕಿ ಇಳಿದಿದ್ದರೆ ಪ್ರಮಾಣ ಕಡಿಮೆ ಮಾಡುವುದು ಅವರ ಕೆಲಸ. ಏಳುವಾಗ ತಲೆ ಸುತ್ತಿದ ಹಾಗಾದರೆ ಅದನ್ನೂ ಹೇಳಿ.

ಯಾರು ಮಾಡಬಾರದು?

ಬಿಪಿ 180/110 ಮುಟ್ಟಿದವರು ಮೊದಲು ಅದನ್ನು ಹತೋಟಿಗೆ ತಂದುಕೊಳ್ಳಬೇಕು. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಕೂತಲ್ಲೇ ಎದೆನೋವು ಬರುವವರು, ಹೃದಯದ ಕವಾಟ ತುಂಬಾ ಕಿರಿದಾಗಿರುವವರು, ಮಹಾಧಮನಿ ಉಬ್ಬಿದೆ ಅಂತ ಗೊತ್ತಿರುವವರು, ಹೊಸದಾಗಿ ಕಣ್ಣಿನ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಿಡಿದಿರುವಾಗ ಎದೆನೋವು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು ಆದರೆ ತಕ್ಷಣ ಬಿಡಿ, ಅವತ್ತೇ ತೋರಿಸಿ.

ಬೆರಳ ಗಂಟುಗಳ ಸಂಧಿವಾತ, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವ ತೊಂದರೆ ಇರುವವರಿಗೆ ಹೃದಯಕ್ಕೆ ಅಪಾಯವೇನಿಲ್ಲ, ಆದರೆ ಕೈಗೆ ಹಿಂಸೆ. ಮಣಿಕಟ್ಟಿನ ಈ ತೊಂದರೆ ಹೆಂಗಸರಲ್ಲೇ ಜಾಸ್ತಿ. ಅಂಥವರು ಕಾಲಿನ ಐಸೋಮೆಟ್ರಿಕ್ ವ್ಯಾಯಾಮ ಕೇಳಿ ಕಲಿಯುವುದು ಒಳ್ಳೆಯದು.

ನನಗೆ ಲೋ ಬಿಪಿ. ಇನ್ನೂ ಇಳಿದುಬಿಟ್ಟರೆ?

ಮೊದಲೇ ಕಡಿಮೆ ಇರುವವರಲ್ಲಿ ಇಳಿಕೆಯೂ ಕಡಿಮೆ, ಹಾಗಾಗಿ ಹೆದರುವಂಥದ್ದಿಲ್ಲ. ಆದರೆ ಬಿಪಿಗಾಗಿ ಇದನ್ನು ಮಾಡುವ ಅಗತ್ಯ ನಿಮಗಿಲ್ಲ. ನಿಮಗೆ ಬೇರೆ ಉಪಯೋಗ ಇದೆ: ನಿಂತಲ್ಲೇ ಕಣ್ಣು ಕತ್ತಲೆ ಬಂದು ಬೀಳುವ ಅಭ್ಯಾಸ ಇದ್ದವರಿಗೆ, ಆ ಮುನ್ಸೂಚನೆ ಬಂದ ಕೂಡಲೇ ಮುಷ್ಟಿ ಬಿಗಿಹಿಡಿಯಲು ಡಾಕ್ಟರುಗಳು ಹೇಳಿಕೊಡುತ್ತಾರೆ. ಹಿಡಿದಾಗ ಬಿಪಿ ಏರುತ್ತದಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರುವುದು. ಕೂರುವುದಕ್ಕೋ ಮಲಗುವುದಕ್ಕೋ ಅಷ್ಟು ಸಮಯ ಸಿಗುತ್ತದೆ.

ಇಳಿದಿದೆಯೋ ಇಲ್ಲವೋ ಅಂತ ಮನೆಯಲ್ಲೇ ಸರಿಯಾಗಿ ಅಳೆಯುವುದು ಹೇಗೆ?

ವ್ಯಾಯಾಮ ಮುಗಿಸಿದ ಕೂಡಲೇ ಅಳೆಯಬೇಡಿ, ಆ ಅಂಕಿಗೆ ಅರ್ಥವಿಲ್ಲ. ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ ಅಳೆಯಿರಿ. ಹಿಂದಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಐದು ನಿಮಿಷ ಮಾತಾಡದೆ ಕೂತು, ಕಾಲ ಮೇಲೆ ಕಾಲು ಹಾಕದೆ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಿರಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಎರಡರ ಸರಾಸರಿ ಬರೆದಿಡಿ. ಶುರು ಮಾಡುವ ಮುಂಚಿನ ಒಂದು ವಾರ ಹೀಗೆ ಅಳೆಯಿರಿ, ಹತ್ತನೇ ವಾರ ಮತ್ತೆ ಅಳೆಯಿರಿ. ವಾರದ ಸರಾಸರಿಯನ್ನು ವಾರದ ಸರಾಸರಿಯ ಜೊತೆ ಹೋಲಿಸಿ. ದಿನದಿಂದ ದಿನಕ್ಕೆ ಬಿಪಿ ಹತ್ತು ಪಾಯಿಂಟ್ ಆಚೀಚೆ ಆಗುವುದು ಮಾಮೂಲು, ಅದನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ತೋಳಿಗೆ ಸರಿಹೊಂದುವ ಪಟ್ಟಿ ಇದೆಯಾ ಅಂತಲೂ ನೋಡಿಕೊಳ್ಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಕಡಿಮೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಮಷಿನ್ ಬಳಸುತ್ತಿದ್ದು, ಒಬ್ಬರ ತೋಳು ದಪ್ಪ, ಇನ್ನೊಬ್ಬರದು ಸಣ್ಣ ಆಗಿದ್ದರೆ ಪಟ್ಟಿ ಬೇರೆ ಬೇರೆ ಬೇಕಾಗಬಹುದು.